ಸಾಹೇಬನ ಎಡ ಮಗ್ಗುಲು

"ಬಂತು! ಬಂತು ರೀ! ಟವಲ್ಲು ಕೊಡೇ… ಬೆಚ್ಚಗಿರೋದು! ಅದಲ್ಲ, ಅದು ನಿಮ್ಮಾವ ಮುಖ ಒರೆಸಿಕೊಳ್ಳೋದು!"

ಅಡುಗೆಮನೆಯ ಹಿಂದಿನ ಆ ಸಣ್ಣ ಕೋಣೆಯಲ್ಲಿ ಮಧ್ಯಾಹ್ನದಿಂದ ಯಾರೂ ನೆಟ್ಟಗೆ ಉಸಿರಾಡಿರಲಿಲ್ಲ. ನೆಲದ ಮೇಲೆ ಮರದ ಹೆರಿಗೆ ಪೆಟ್ಟಿಗೆ. ಅದರೊಳಗೆ ಹಳೆಯ ಪತ್ರಿಕೆಗಳು, ಅವುಗಳ ಮೇಲೆ ಒಗೆದು ಮಡಿಸಿದ ಹೊದಿಕೆ, ಹೊದಿಕೆಯ ಮೇಲೆ ಏದುಸಿರು ಬಿಡುತ್ತಿದ್ದ ಮಖಮಲ್ಲು. ಮಖಮಲ್ಲು ಅಂದರೆ ಈ ಮನೆಯ ಪುಟ್ಟ ಸ್ಪೇನಿಯಲ್ ಹೆಣ್ಣುನಾಯಿ. ಮನುಷ್ಯರ ತೊಡೆಯ ಅಳತೆ ತೆಗೆದುಕೊಂಡೇ ಮಾಡಿದಂಥ ಮೈ, ಬಿಳುಪಿನ ಮೇಲೆ ಕೆಂಪು ತೇಪೆ, ನೆಲ ಗುಡಿಸುವಂಥ ರೇಷ್ಮೆ ಕಿವಿ, ಬೈದವರೇ ಕ್ಷಮೆ ಕೇಳಬೇಕು ಅನ್ನಿಸುವಂಥ ಕಣ್ಣು. ಅವಳ ಪಕ್ಕ ಮೊಣಕಾಲೂರಿ ಕೂತವರು ಬೊಟ್ಟಿನತ್ತೆ. ಮುಖ ಕೆಂಪಗಾಗಿದೆ, ಜುಟ್ಟು ಬಿಚ್ಚಿದೆ, ಬಾಯಿ ಮಾತ್ರ ಒಂದು ಗಳಿಗೆ ನಿಂತಿಲ್ಲ.

ಬೊಟ್ಟಿನತ್ತೆ ಅನ್ನುವುದು ಬೀದಿಯವರು ಇಟ್ಟ ಹೆಸರು. ಇವರ ಮನೆಯ ಮರಿಗಳಿಗೆ ಬಿಳಿ ಹಣೆಯ ನಡುವೆ, ಯಾರೋ ಹೆಬ್ಬೆರಳನ್ನು ಬಣ್ಣಕ್ಕೆ ಅದ್ದಿ ಒತ್ತಿದ ಹಾಗೆ, ಒಂದು ಕೆಂಪು ಬೊಟ್ಟು ಇರುತ್ತದೆ. ಎಲ್ಲ ಮರಿಗೂ ಬರುವುದಿಲ್ಲ, ಬಂದರೆ ಮಾತ್ರ ಆ ದಿನ ಮನೆಯಲ್ಲಿ ಸಡಗರವೋ ಸಡಗರ! ಅತ್ತೆ ತಾರುಣ್ಯದಲ್ಲಿ ಶುರು ಮಾಡಿದ ಕೆಲಸ ಇದು. ಕೂದಲು ನರೆಯುವವರೆಗೆ ಕೆಂಪು-ಬಿಳುಪಿಗೆ ಕೆಂಪು-ಬಿಳುಪನ್ನೇ ಜೋಡಿ ಮಾಡಿ, ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದ ವಂಶ. ಹೊಟ್ಟೆಯಲ್ಲಿ ಹುಟ್ಟಿದ ಮಗನ ಮೇಲೂ ಇಷ್ಟು ನಿಗಾ ಇಟ್ಟಿರಲಿಲ್ಲ ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ಮಗ ಪಕ್ಕದಲ್ಲೇ ಇದ್ದಾಗಲೂ!

ಮೊದಲ ಮರಿ ಬಂದಿತ್ತು: ಗಂಡು, ಕೆಂಪು-ಬಿಳುಪು. ಎರಡನೆಯದೂ ಹಾಗೇ. ಅತ್ತೆ ಏಪ್ರನ್ನಿನ ಜೇಬಿಗೆ ಕೈ ಹಾಕಿ ಉಣ್ಣೆ ದಾರ ತೆಗೆದು ಒಂದಕ್ಕೆ ಹಳದಿ, ಒಂದಕ್ಕೆ ನೀಲಿ ಕೊರಳಿಗೆ ಹಾಕಿದ್ದರು. ಹುಟ್ಟಿದ ಮರಿಗಳು ಒಂದರಂತೆ ಒಂದು ಇರುತ್ತವಲ್ಲ, ಗುರುತಿಗೆ ಬೇಕು. ಆ ಜೇಬಿನಲ್ಲಿ ಹಸಿರು ದಾರವೂ ಇತ್ತು. ಅದನ್ನು ಮಾತ್ರ ಅವರು ಸುಮ್ಮಸುಮ್ಮನೆ ಹೊರಗೆ ತೆಗೆಯುವವರಲ್ಲ. ಯಾರು ಎಷ್ಟು ಕೇಳಿದರೂ ಕೊಡದೆ ಮನೆಯಲ್ಲೇ ಉಳಿಸಿಕೊಂಡು, ಮುಂದೆ ವಂಶ ಬೆಳೆಸುವ ಮರಿಗೆ ಹಸಿರು ದಾರ. ಅದನ್ನು ಯಾರ ಕೊರಳಿಗೆ ಕಟ್ಟಬೇಕೆಂದು ಅತ್ತೆ ಇನ್ನೂ ಹಣೆಹಣೆ ನೋಡುತ್ತಿದ್ದರು.

ಅಷ್ಟರಲ್ಲಿ ಮೂರನೆಯದು ಬಂತು. ಸೊಸೆ ಬೆಚ್ಚಗಿನ ಟವಲ್ಲು ಚಾಚಿದಳು. ಅತ್ತೆ ಪೊರೆ ಹರಿದು, ಬಾಯಿ ಒರೆಸಿ, ಬೆಳಕಿಗೆ ಹಿಡಿದರು… ಹಿಡಿದವರು ಹಿಡಿದಂತೆಯೇ ಕಲ್ಲಾದರು!

ಕಪ್ಪು! ಬೆನ್ನು ಕಪ್ಪು, ಕಿವಿ ಕಪ್ಪು, ಎರಡು ಕಣ್ಣಿನ ಮೇಲೆ ಹುಬ್ಬು ತೀಡಿದ ಹಾಗೆ ಕಂದು ಚುಕ್ಕಿ. ಕೀ… ಅಂತ ಮನೆಯೇ ತನ್ನದು ಅನ್ನುವಂತೆ ಕೂಗಿತು ಆ ಮರಿ.

"ಯಾರದ್ದಿದು?" ಅತ್ತೆಯ ದನಿ ಮೊದಲು ಪಿಸುಮಾತಾಗಿತ್ತು. ಆಮೇಲೆ ಅದು ಛಾವಣಿ ಮುಟ್ಟಿತು. "ಯಾರದ್ದಿದು ಅಂತ ಕೇಳ್ತಿದ್ದೀನಿ! ಮಖಮಲ್ಲು ಕೆಂಪು, ಇವುಗಳ ಅಪ್ಪ ನನ್ನ ಸಾಹೇಬನೂ ಕೆಂಪು. ಕೆಂಪಿಗೂ ಕೆಂಪಿಗೂ ಕಪ್ಪು ಹುಟ್ಟಿದ್ದು ಪ್ರಪಂಚದಲ್ಲೇ ಇಲ್ಲ! ಈ ಮನೇಲಿ ಯಾವ ಕರಿ ನಾಯಿ ಕಾಲಿಟ್ಟಿತ್ತು? ಹೇಳಿ!"

ಬಾಗಿಲಲ್ಲಿ ಬಿಸಿನೀರಿನ ಕೆಟಲ್ ಹಿಡಿದು ನಿಂತಿದ್ದ ಯಜಮಾನರು ಕೆಟಲನ್ನೇ ನೋಡಿದರು. ಆಯುಸ್ಸೆಲ್ಲ ಬಸ್ ಓಡಿಸಿ ನಿವೃತ್ತರಾದ ಮನುಷ್ಯ. ರಸ್ತೆಯಲ್ಲಿ ಹಾರ್ನ್ ಹೊಡೆದು ಹೊಡೆದು ಮನೆಗೆ ಅಂತ ಸದ್ದೇ ಉಳಿದಿಲ್ಲ ಅಂತ ಬೀದಿಯವರು ನಗುತ್ತಿದ್ದರು. ಸೊಸೆ ಒಮ್ಮೆ ಮಾವನ ಮುಖ ನೋಡಿದಳು. ಮಾವ ಕೆಟಲಿನಿಂದ ಕಣ್ಣೆತ್ತಲಿಲ್ಲ. ಅವಳು ತಲೆ ತಗ್ಗಿಸಿದಳು.

ಆ ತಗ್ಗಿದ ತಲೆಯೇ ಸಾಕಾಯಿತು ಅತ್ತೆಗೆ!

ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಿನ ಮಾತು ಹೇಳಬೇಕು. ಸೊಸೆಯ ಅಪ್ಪ ಮನೆಗಳಿಗೆ ಬಣ್ಣ ಬಳಿಯುವವರು. ಬಸ್ಸಿನಲ್ಲಿ ಎರಡು ನಿಲ್ದಾಣ ಹೋದರೆ ಅವರ ಮನೆ. ಅವರೂ ಇದೇ ಜಾತಿಯ ನಾಯಿ ಸಾಕುವವರು, ಆದರೆ ಅವರದ್ದೆಲ್ಲ ಕಪ್ಪು-ಬಿಳುಪು-ಕಂದು, ಮೂರು ಬಣ್ಣದ್ದು. ಅವರ ಗಂಡುನಾಯಿಯ ಹೆಸರು ಇದ್ದಿಲು. ನಾಯಿಗಳ ಪ್ರದರ್ಶನ ಎಲ್ಲೇ ನಡೆಯಲಿ, ಒಂದು ಕಡೆ ಬೊಟ್ಟಿನತ್ತೆಯ ಸಾಹೇಬ, ಇನ್ನೊಂದು ಕಡೆ ಅವರ ಇದ್ದಿಲು. ಬಹುಮಾನದ ಬಟ್ಟಲು ಗೆಲ್ಲುವವನು ಸಾಹೇಬ. ಮನೆಯ ಮುಂದಿನ ಕೋಣೆಯ ಕಪಾಟಿನಲ್ಲಿ ಅವನ ಬೆಳ್ಳಿ ಬಟ್ಟಲುಗಳಿಗೆ ಜಾಗ ಸಾಲದೆ ಯಜಮಾನರ ಕನ್ನಡಕ ಫ್ರಿಜ್ಜಿನ ಮೇಲೆ ವಾಸ ಮಾಡುತ್ತಿತ್ತು. ಒಂದು ಪ್ರದರ್ಶನದಲ್ಲಿ ಈ ಬಣ್ಣದವರು ಪ್ರೀತಿಯಿಂದಲೇ ಸಾಹೇಬನನ್ನು ಎತ್ತಿ ಕೆನ್ನೆಗೊತ್ತಿಕೊಂಡರು, ಅದೂ ತಲೆ-ಬಾಲ ಉಲ್ಟಾ! "ನಾಯಿ ಎತ್ಕೊಳ್ಳೋಕೂ ಬರಲ್ಲ, ಬಂದುಬಿಟ್ರು ಪ್ರದರ್ಶನಕ್ಕೆ" ಅಂತ ಅತ್ತೆ ಗದರಿಸಿ ಕಿತ್ತುಕೊಳ್ಳುವಷ್ಟರಲ್ಲಿ ಅವರು ಮುಖ ಗಂಟಿಕ್ಕಿ, ಎಲ್ಲರೆದುರು ಗಟ್ಟಿಯಾಗಿ ಅಂದೇಬಿಟ್ಟರು: "ಅಮ್ಮಾವ್ರೇ, ಇವನ ಎದೆ ಗುಸುಗುಸು ಅಂತಿದೆ. ಡಾಕ್ಟರಿಗೆ ತೋರಿಸಿ. ಇವನಿಂದ ಮರಿ ಮಾಡಿಸಬೇಡಿ."

ಈ ಪುಟ್ಟ ಸ್ಪೇನಿಯಲ್ಲುಗಳಿಗೆ ಎದೆಯದ್ದೇ ದೊಡ್ಡ ಶಾಪ. ಹೃದಯದೊಳಗಿನ ಬಾಗಿಲು ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. ಅಪ್ಪನಿಗಿದ್ದರೆ ಮಕ್ಕಳಿಗೂ ಬರಬಹುದು. ಹಾಗಾಗಿ ಆ ಮಾತು ಒಂದೇ ಸಾಕು, ಕಟ್ಟಿ ಬೆಳೆಸಿದ ವಂಶದ ಹೆಸರು ಮಣ್ಣುಪಾಲಾಗಲು. ಅತ್ತೆ ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ಸಾಹೇಬನನ್ನು ಎದೆಗೊತ್ತಿಕೊಂಡು, ಕಿವಿ ಇಟ್ಟು ಕೇಳಿದರು. ಲಬ್ ಡಬ್, ಲಬ್ ಡಬ್… ಗಡಿಯಾರದ ಹಾಗೆ ಸ್ವಚ್ಛ! "ಹೊಟ್ಟೆಕಿಚ್ಚು! ಬರೀ ಹೊಟ್ಟೆಕಿಚ್ಚು ಕಣ್ರೀ ಆ ಮನುಷ್ಯನಿಗೆ!" ಅಂದವರು, "ಇನ್ಮೇಲೆ ಈ ಮನೇಲಿ ನನ್ನ ಸಾಹೇಬನ ಎದೆ ಬಗ್ಗೆ ಯಾರಾದ್ರೂ ಮಾತೆತ್ತಿದ್ರೆ, ಅವರು ಬೇರೆ ಅಡುಗೆ ಮಾಡ್ಕೋಬೇಕು" ಅಂತ ಆಜ್ಞೆ ಹೊರಡಿಸಿದರು.

ಇಷ್ಟೆಲ್ಲ ಆದಮೇಲೆ ಮಗರಾಯ ಏನು ಮಾಡಬೇಕು ಹೇಳಿ? ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವ ಹುಡುಗ ಅವನು. ಕೂದಲು ಕತ್ತರಿಸಿಕೊಳ್ಳಲು ಹೋಗಿ, ಕತ್ತರಿಸಿದವಳನ್ನೇ ಮದುವೆಯಾಗಿ ಬಂದ. ಅವಳೋ ಬಣ್ಣದವರ ಒಬ್ಬಳೇ ಮಗಳು! ಬಂದ ದಿನದಿಂದ ಅವಳು ಅತ್ತೆಯ ಬಾಯಲ್ಲಿ 'ಕರಿಮನೆಯವಳು'. ಅವಳ ಅಪ್ಪ ಮಗಳನ್ನು ನೋಡಲು ಬಂದರೂ ಗೇಟಿನ ಆಚೆಯೇ ನಿಂತು ನೋಡಿಕೊಂಡು ಹೋಗಬೇಕು. ಆದರೂ ಆ ಹುಡುಗಿ ಸಲೂನಿನಿಂದ ದಣಿದು ಬಂದು, ಅತ್ತೆಯ ನಾಯಿಗಳ ಕಿವಿಯ ಸಿಕ್ಕು ಬಿಡಿಸಿ, ಒಂದು ಕೂದಲೂ ನೋಯದಂತೆ ಬಾಚುತ್ತಿದ್ದಳು. ಅತ್ತೆ ಅದನ್ನು ಕಂಡೂ ಕಾಣದಂತಿದ್ದರು.

ಈಗ ಆ ಕಪ್ಪು ಮರಿಯನ್ನು ಅಂಗೈಯಲ್ಲಿ ಹಿಡಿದು ಅತ್ತೆ ಸೊಸೆಯ ಮುಖದ ಮುಂದೆ ಚಾಚಿದರು.

"ಗೊತ್ತಾಯ್ತು ಬಿಡು! ನಾನು ಮನೇಲಿಲ್ಲದಾಗ ನಿನ್ನಪ್ಪನ ಇದ್ದಿಲನ್ನ ಕರ್ಕೊಂಡು ಬಂದು ಬಿಟ್ಟಿದ್ದೀಯ. ಅಪ್ಪ ಬಾಯಿಂದ ಮಾಡಕ್ಕಾಗದೇ ಇದ್ದಿದ್ದನ್ನ ಮಗಳು ಕೈಯಿಂದ ಮಾಡಿದ್ಲು! ನನ್ನ ವಂಶಕ್ಕೆ ಮಸಿ ಬಳಿದಿದ್ದೀಯಲ್ಲೇ… ಬಣ್ಣದವನ ಮಗಳೇ!"

"ಅತ್ತೆ… ಮರಿಗೆ ಚಳಿಯಾಗುತ್ತೆ. ಅಮ್ಮನ ಹತ್ತಿರ ಬಿಡಿ."

"ನಂಗೆ ಹೇಳ್ಕೊಡ್ತೀಯಾ? ಮಾಡಿಲ್ಲ ಅಂತ ಹೇಳು ನೋಡೋಣ! ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳು!"

ಒಂದು ಮಾತು ಸೊಸೆಯ ಗಂಟಲವರೆಗೆ ಬಂದು ನಿಂತದ್ದು ಕಾಣುತ್ತಿತ್ತು. ಆದರೆ ಅವಳು ಅದನ್ನು ನುಂಗಿಕೊಂಡಳು! "ನಾನೇನೂ ಹೇಳಲ್ಲ ಅತ್ತೆ," ಅಂದಳು ಮೆಲ್ಲಗೆ.

"ಹಾಗಾದ್ರೆ ಹೊರಡು! ನಿನ್ನಪ್ಪನ ಮನೆಗೆ! ಈ ಕರಿಮರಿ ಹಾಲು ಬಿಟ್ಟಮೇಲೆ ಇದನ್ನೂ ಕಳಿಸ್ತೀನಿ, ಅಪ್ಪ-ಮಗಳು ಕೂತ್ಕೊಂಡು ಮುದ್ದು ಮಾಡಿ!"

ಯಜಮಾನರ ಕೈಯ ಕೆಟಲಿನ ಮುಚ್ಚಳ ಟಕಟಕ ಅಂದಿತು. ಸೊಸೆ ಏಪ್ರನ್ ಬಿಚ್ಚಿ, ಮಡಿಸಿ, ಕುರ್ಚಿಯ ಮೇಲಿಟ್ಟು, ತನ್ನ ಸಲೂನಿನ ಚೀಲವನ್ನು ಹೆಗಲಿಗೇರಿಸಿದಳು. ಬಾಗಿಲಲ್ಲಿ ಮಾವನ ಪಕ್ಕ ಹಾಯುವಾಗ, "ಕೆಟಲ್ ಕೆಳಗಿಡಿ ಮಾವ, ಕೈ ಸುಟ್ಕೋತೀರ" ಅಂತಷ್ಟೇ ಹೇಳಿ ಹೊರಟೇಹೋದಳು!

ಮನೆ ಬಿಕೋ ಅಂದಿತು. ಅತ್ತೆ ಕಪ್ಪು ಮರಿಯನ್ನು ಪೆಟ್ಟಿಗೆಯೊಳಗೆ ಇಟ್ಟರು. ಸಿಟ್ಟಿನಿಂದಲೇ ಇಟ್ಟರೂ ಕೈ ಮಾತ್ರ ಮೆತ್ತಗೆಯೇ ಇಟ್ಟಿತು! ಮರಿ ಮೂಸಿ ಮೂಸಿ ಮೊಲೆ ಹುಡುಕಿ, ಕೆಂಪು ಅಣ್ಣಂದಿರನ್ನು ತಳ್ಳಿ, ಬಾಯಿಟ್ಟು ಚೀಪತೊಡಗಿತು. "ಜಬರ್ದಸ್ತು ನೋಡಿ ಇದರದ್ದು" ಅಂತ ಅತ್ತೆ ಗೊಣಗಿದರು. ಸಂಕಟಕ್ಕೋ ಸಿಟ್ಟಿಗೋ ಕಣ್ಣಲ್ಲಿ ನೀರು ತುಂಬಿತ್ತು.

ಅಷ್ಟರಲ್ಲಿ ಮಖಮಲ್ಲು ನರಳಿತು. ತಿಣುಕಿತು. ಮತ್ತೆ ತಿಣುಕಿತು. ಎರಡು ಪುಟ್ಟ ಹಿಂಗಾಲು, ಒಂದು ಎಳೆ ಬಾಲ ಕಾಣಿಸಿತು… ಅಲ್ಲಿಗೇ ನಿಂತುಬಿಟ್ಟಿತು!

"ಅಯ್ಯೋ, ಉಲ್ಟಾ ಬರ್ತಿದೆ! ತಲೆ ಒಳಗೇ ಉಳೀತು! ರೀ, ಡಾಕ್ಟರಿಗೆ ಫೋನ್ ಮಾಡಿ!"

ಯಜಮಾನರು ಮಾಡಿದರು. ಪಶುವೈದ್ಯೆ ಊರಾಚೆ ಕುದುರೆ ಲಾಯದಲ್ಲಿದ್ದರು, ಎಷ್ಟು ಬೇಗ ಹೊರಟರೂ ಸಂಜೆಯಾಗುತ್ತದೆ. ಮಗನಿಗೆ ಮಾಡಿದರು. "ಅಪ್ಪಾ, ಲಿಫ್ಟ್ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿದೆ…" ಅಂದ ಅವನು. "ಇಲ್ಲೂ ಹಾಗೇ ಕಣೋ!" ಅಂತ ಯಜಮಾನರು ಫೋನಿಟ್ಟರು.

ಅತ್ತೆ ಕೈ ಹಾಕಿದರು. ಆದರೆ ಆ ಕೈ ಮೊದಲಿನ ಕೈಯಾಗಿರಲಿಲ್ಲ. ಬೆರಳಿನ ಗಿಣ್ಣುಗಳು ಊದಿ ಗಂಟುಕಟ್ಟಿದ್ದವು. ಹಿಡಿದರೆ ಹಿಡಿತವಿಲ್ಲ, ಮೀನಿನ ಹಾಗೆ ಜಾರುವ ಎಳೆ ಕಾಲು… ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು. ಮಖಮಲ್ಲು ಅತ್ತೆಯ ಮುಖವನ್ನೇ ನೋಡುತ್ತಿತ್ತು. 'ನೀನಿದ್ದೀಯಲ್ಲ' ಅನ್ನುವ ನಂಬಿಕೆಯ ನೋಟ ಅದು! ಅತ್ತೆಯ ಜೀವ ಬಾಯಿಗೆ ಬಂತು.

"ಕರೀರಿ ಅವಳನ್ನ!" ಅಂತ ಚೀರಿದರು. "ಓಡಿ! ಬಸ್ಸು ಹತ್ತಿರ್ತಾಳೆ! ಓಡಿ ರೀ!"

ಯಜಮಾನರು ಓಡಲಿಲ್ಲ. ನಿಂತಲ್ಲೇ ನಿಂತು, ಬೆವರುತ್ತ ಅಂದರು: "ಕರೀತೀನಿ. ಆದ್ರೆ ಒಂದು ಮಾತು. ಇದ್ದಿಲಿನ ಹತ್ತಿರ ಕರ್ಕೊಂಡು ಹೋಗಿದ್ದು ಅವಳಲ್ಲ. ನಾನು."

"ಏನು?!"

"ನಾನೇ ಕಣೇ. ಬುಟ್ಟೀಲಿ ಕೂರಿಸ್ಕೊಂಡು, ಬಸ್ಸಲ್ಲಿ."

"ಅಯ್ಯೋ ನಿಮ್ಮ! ಈಗ ಹೇಳೋ ಹೊತ್ತಾ ಇದು! ಆಮೇಲೆ ವಿಚಾರಿಸ್ಕೊಳ್ತೀನಿ ನಿಮ್ಮನ್ನ, ಮೊದಲು ಹೋಗಿ ಕರೀರಿ!"

ಬಸ್ ನಿಲ್ದಾಣದವರೆಗೆ ಓಡಬೇಕಾಗಲಿಲ್ಲ. ಸೊಸೆ ಮುಂಬಾಗಿಲ ಮೆಟ್ಟಿಲ ಮೇಲೇ ಕೂತಿದ್ದಳು. ಚಪ್ಪಲಿ ಮೆಟ್ಟಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು, ಒಳಗಿನ ಒಂದೊಂದು ಕೂಗಿಗೂ ಬೆಚ್ಚುತ್ತ! ಮಾವ ಬಾಯಿ ತೆರೆಯುವ ಮೊದಲೇ ಎದ್ದು ಒಳಗೆ ನುಗ್ಗಿದಳು.

"ಕೈ ತೊಳ್ಕೊಂಡ್ಯಾ?"

"ತೊಳ್ಕೊಂಡೆ. ಏನು ಮಾಡ್ಲಿ ಹೇಳಿ ಅತ್ತೆ!"

"ಒಣಗಿದ ಬಟ್ಟೆ ಸುತ್ತಿ ಎರಡೂ ಕಾಲು ಸೇರಿಸಿ ಹಿಡಿ. ಬಿಗಿಯಾಗಲ್ಲ, ಹಿತವಾಗಿ! ಅವಳು ತಿಣುಕಿದಾಗ ಮಾತ್ರ ಎಳೀಬೇಕು. ನೇರಕ್ಕಲ್ಲ, ಕೆಳಕ್ಕೆ, ಅವಳ ಹೊಟ್ಟೆ ಕಡೆಗೆ… ತಿಣುಕು ಮಖಮಲ್ಲೂ, ತಿಣುಕು ನನ್ನಮ್ಮಾ! ಈಗ! ಎಳಿ!"

"ಬರ್ತಿಲ್ಲ ಅತ್ತೆ!"

"ಬರುತ್ತೆ! ಬಿಡಬೇಡ! ತಡಿ… ತಡಿ… ಈಗ! ಈಗ ಕಣೇ, ಎಳಿ!"

ದಿನವೆಲ್ಲ ಜನರ ತಲೆ ತೊಳೆದು, ಒದ್ದೆ ಕೂದಲಿನ ಎಳೆ ಎಳೆಯನ್ನೂ ಬೆರಳಲ್ಲೇ ಗುರುತಿಸುವ ಕೈ ಅದು. ಮೆಲ್ಲಗೆ ತಿರುಗಿತು, ಮೆಲ್ಲಗೆ ಬಾಗಿತು. ಸೊಂಟ ಬಂತು, ಎದೆ ಬಂತು, ಮಖಮಲ್ಲು ಒಮ್ಮೆ ಕಿರುಚಿತು, ತಲೆಯೂ ಬಂತು!

ಆದರೆ ಸದ್ದಿಲ್ಲ. ಒದ್ದೆ ಕಾಲುಚೀಲದ ಹಾಗೆ ಜೋತುಬಿದ್ದಿತ್ತು ಮರಿ. ಕೆಂಪು-ಬಿಳುಪು ಹೆಣ್ಣು. ಹಣೆಯ ನಟ್ಟನಡುವೆ, ಯಾವ ಮರಿಗೂ ಇಷ್ಟು ಚಂದ ಬಂದಿರಲಿಲ್ಲ ಅನ್ನುವಂಥ ಬೊಟ್ಟು!

"ಹೋಯ್ತು…" ಅತ್ತೆ ಕುಸಿದರು. "ಹೋಯ್ತು ಕಣೇ, ಬಂಗಾರದಂಥಾದ್ದು…"

"ಹೋಗಿಲ್ಲ! ಮಾವ, ನನ್ನ ಚೀಲ! ಡ್ರೈಯರ್ ತೆಗೀರಿ, ಪ್ಲಗ್ ಹಾಕಿ, ಸಣ್ಣದರಲ್ಲಿಡಿ!" ಸೊಸೆ ಬಾಯಿ ಮೂಗಿನ ನೀರು ಒರೆಸಿ ಟವಲ್ಲಿನಲ್ಲಿ ಉಜ್ಜತೊಡಗಿದಳು. ಉಜ್ಜಿದಳು, ತಲೆ ಕೆಳಗೆ ಮಾಡಿ ಮತ್ತೆ ಒರೆಸಿದಳು, ಮತ್ತೆ ಉಜ್ಜಿದಳು. ಯಜಮಾನರು ದೂರದಿಂದ ಬೆಚ್ಚನೆ ಗಾಳಿ ಹಿಡಿದರು. ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ಗಾಳಿ ಅತ್ತೆಯ ಜುಟ್ಟಿಗೇ ಹೋಯಿತು. "ನನ್ನ ಕೂದಲು ಆಮೇಲೆ ಒಣಗಿಸಿ ರೀ!" ಅಂತ ಅತ್ತೆ ಅಳುತ್ತಲೇ ಗದರಿದರು. "ಉಜ್ಜು ಮಗಳೇ, ನಿಲ್ಲಿಸಬೇಡ… ಉಜ್ಜು!"

ಮಗಳೇ! ಅತ್ತೆಗೆ ತಾನು ಏನಂದೆ ಅನ್ನುವುದೂ ತಿಳಿಯಲಿಲ್ಲ. ಸೊಸೆಗೆ ತಿಳಿಯಿತು. ಅವಳ ಕಣ್ಣೀರು ತೊಟತೊಟನೆ ಮರಿಯ ಮೇಲೆ ಬಿತ್ತು, ಅವಳ ಕೈ ಮಾತ್ರ ನಿಲ್ಲಲಿಲ್ಲ.

ಎಳೆ ಎದೆ ಒಮ್ಮೆ ಜಗ್ಗಿತು. ಬಾಯಿ ತೆರೆಯಿತು. ಕೀ… ಅಂತ ಎಳೆದ ಆ ಒಂದು ಸ್ವರ! ಮೂವರೂ ಒಟ್ಟಿಗೇ ಕೂಗಿಬಿಟ್ಟರು. ಯಾರು ಯಾರನ್ನು ತಬ್ಬಿಕೊಂಡರೋ! ಪಕ್ಕದ ಮನೆಯವರು ಕಿಟಕಿ ತೆರೆದು "ಯಾಕ್ರೀ, ಏನಾಯ್ತು?" ಅಂದರೆ, "ಬದುಕ್ತು! ಬದುಕ್ತು!" ಅಂತ ಯಜಮಾನರು ಬಸ್ಸಿನ ಹಾರ್ನಿಗಿಂತ ಜೋರಾಗಿ ಕಿರುಚಿದರು.

ನಾಲ್ಕೂ ಮರಿಗಳು ಸಾಲಾಗಿ ಹಾಲು ಕುಡಿಯತೊಡಗಿದ ಮೇಲೆ ಅತ್ತೆ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನ ಕಡೆ ತಿರುಗಿದರು.

"ಈಗ ಹೇಳಿ. ಯಾವತ್ತು?"

"ನೀನು ಹಲ್ಲು ಕೀಳಿಸೋಕೆ ಹೋಗಿದ್ದೆಯಲ್ಲ, ಅವತ್ತು."

"ನನ್ನ ಹಲ್ಲು ಹೋದ ದಿನವೇ ನನ್ನ ವಂಶವನ್ನೂ ಕಿತ್ತುಬಿಟ್ರಾ! ನಾನು ಅದೇ ವಾರ ಮಖಮಲ್ಲನ್ನ ಸಾಹೇಬನ ಜೊತೆ ಬಿಟ್ಟಿದ್ದೆ. ಗೊತ್ತಿತ್ತು ನಿಮಗೆ!"

"ಗೊತ್ತಿತ್ತು. ತಡೆಯೋ ಧೈರ್ಯ ಬರಲಿಲ್ಲ. ಅದಕ್ಕೇ ಒಂದೇ ಬಸಿರಲ್ಲಿ ಇಬ್ಬರು ಅಪ್ಪಂದಿರ ಮಕ್ಕಳಿವೆ. ಇದ್ದಿಲಿನದು ಒಂದಾದ್ರೂ ಹುಟ್ಟಲಿ, ಮುಂದಕ್ಕೆ ಉಳಿಸ್ಕೊಳ್ಳೋಕೆ ಗಟ್ಟಿ ಎದೇದು ಒಂದಾದ್ರೂ ಇರಲಿ ಅಂತ…" ಯಜಮಾನರು ಡ್ರೈಯರಿನ ಪ್ಲಗ್ ಕೀಳುತ್ತ ಮುಂದುವರಿಸಿದರು. "ಸಾಹೇಬ ಕೆಮ್ತಿದ್ನಲ್ಲ, ಧೂಳು ಅಂತಿದ್ದೆ ನೀನು. ಉಗುರು ಕತ್ತರಿಸ್ಕೊಂಡು ಬರ್ತೀನಿ ಅಂತ ಸುಳ್ಳು ಹೇಳಿ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ. ಎದೆ ಸೋರ್ತಿದೆ ಅಂದ್ರು. ಬೀಗರು ಅವತ್ತು ಹೇಳಿದ್ದು ನಿಜ ಕಣೇ. ನಿನಗೆ ಹೇಗೆ ಹೇಳ್ಲಿ? ದಾರಿ ಕಾಣದೆ ಸೊಸೆ ಹತ್ರ ಹೇಳ್ಕೊಂಡೆ. 'ನಿಮ್ಮ ಅತ್ತೆಗೆ ನನ್ನ ಬಾಯಿಂದಲೇ ಗೊತ್ತಾಗಲಿ, ನೀನು ಹೇಳಬೇಡ' ಅಂತ ಅವಳಿಂದ ಮಾತು ತಗೊಂಡಿದ್ದೆ. ಅವಳು ಮನೆ ಬಿಟ್ಟು ಹೋದ್ಲೇ ಹೊರತು ಮಾತು ಬಿಡಲಿಲ್ಲ. ಕೆಟಲ್ ಹಿಡ್ಕೊಂಡು ನಿಂತಿದ್ದ ಹೇಡಿ ನಾನು…"

"ಸುಳ್ಳು!" ಅತ್ತೆಯ ದನಿ ಒಡೆಯಿತು. "ದಿನಾ ಕಿವಿ ಇಟ್ಟು ಕೇಳ್ತೀನಿ ನಾನು! ಗಡಿಯಾರದ ಹಾಗಿದೆ ನನ್ನ ಸಾಹೇಬನ ಎದೆ! ಬಾರೋ ಸಾಹೇಬಾ!"

ಹೆಸರು ಕೇಳಿದ್ದೇ ತಡ, ಸಾಹೇಬ ಮುಂದಿನ ಕೋಣೆಯ ಮೆತ್ತೆಯಿಂದ ಇಳಿದು, ಬಾಲ ಬೀಸುತ್ತ, ನಡುನಡುವೆ ಕೆಮ್ಮುತ್ತ ಬಂದ. ಅತ್ತೆ ಎತ್ತಿಕೊಂಡರು, ಯಾವಾಗಲೂ ಎತ್ತಿಕೊಳ್ಳುವ ಹಾಗೆ: ಅವನ ತಲೆ ತಮ್ಮ ಬಲಗೈ ಕಡೆಗೆ, ಅವನ ಬಲ ಮಗ್ಗುಲು ತಮ್ಮ ಎದೆಗೆ. ಪ್ರದರ್ಶನದಲ್ಲಿ ತೀರ್ಪುಗಾರರು ನೋಡುವುದು ನಾಯಿಯ ಎಡ ಮಗ್ಗುಲನ್ನು. ನಾಯಿಯನ್ನು ಹಿಡಿದವರು ಅದರ ಬಲಕ್ಕೇ ಇರಬೇಕು. ಹಾಗಾಗಿ ಆ ಎಡ ಮಗ್ಗುಲಿನ ಕೂದಲು ಬಾಚಿ ನಯ ಮಾಡಿದ್ದು ಮುದುಡಬಾರದು, ಬಟ್ಟೆಗೆ ಉಜ್ಜಬಾರದು. ಎತ್ತಿಕೊಳ್ಳುವಾಗಲೂ, ಪಕ್ಕದಲ್ಲಿ ಮಲಗಿಸಿಕೊಳ್ಳುವಾಗಲೂ ಅದು ಹೊರಗೇ ಇರಬೇಕು. ಕೆಲಸ ಕಲಿತ ದಿನದಿಂದ ಅತ್ತೆಯ ಮೈಗೆ ಅಂಟಿದ ಅಭ್ಯಾಸ ಅದು. ಹಾಗೇ ಮೇಲೆತ್ತಿ ಬಲ ಮಗ್ಗುಲಿಗೆ ಕಿವಿ ಇಟ್ಟರು. "ನೋಡಿ, ಲಬ್ ಡಬ್… ಏನೂ ಇಲ್ಲ!"

ಸೊಸೆ ಹತ್ತಿರ ಬಂದು ಮೊಣಕಾಲೂರಿದಳು. "ಅತ್ತೆ… ಆ ಸದ್ದು ಕೇಳೋದು ಎಡಗಡೆ."

ಅತ್ತೆ ಅವಳನ್ನೇ ನೋಡಿದರು. ಪ್ರದರ್ಶನದ ಆ ದಿನ ನೆನಪಾಯಿತು. ಬಣ್ಣದವರು ಉಲ್ಟಾ ಎತ್ತಿಕೊಂಡಿದ್ದರು! ತಾವೇ ಗದರಿಸಿದ್ದರು! ಸಾಹೇಬನನ್ನು ಮೆಲ್ಲಗೆ ತಿರುಗಿಸಿದರು. ಅವನಿಗೆ ಆಶ್ಚರ್ಯ, ಅತ್ತೆ ಹೀಗೆ ಎತ್ತಿಕೊಂಡದ್ದೇ ಇಲ್ಲವಲ್ಲ ಅಂತ. ಆ ನಯವಾದ, ಬಟ್ಟಲು ಗೆದ್ದ, ಇಡೀ ಊರು ನೋಡಿದ್ದ ಮಗ್ಗುಲಿಗೆ ಅತ್ತೆ ಮೊದಲ ಸಲ ಕಿವಿ ಇಟ್ಟರು.

ಶ್… ಶ್… ಶ್…

ವಾಷರ್ ಸವೆದ ನಲ್ಲಿಯ ಹಾಗೆ. ಪ್ರತಿ ಬಡಿತದ ಹಿಂದೆಯೂ ಒಂದು ಸೋರಿಕೆ.

ಅತ್ತೆ ಕಿವಿ ತೆಗೆಯಲಿಲ್ಲ. ಆಮೇಲೆ ಅವರ ಬೆನ್ನು ಕುಲುಕತೊಡಗಿತು. "ನನ್ನಪ್ಪಾ… ನನ್ನ ರಾಜಾ… ನಾನು ಕೇಳಿಸ್ಕೊಳ್ಳಲೇ ಇಲ್ಲವಲ್ಲೋ… ನಿನ್ನ ಅಂದ ಮುದುಡೀತು ಅಂತ ಆ ಕಡೆ ಕೈಯಾಡಿಸಲಿಲ್ಲವಲ್ಲೋ!" ಸಾಹೇಬ ಅವರ ಕಣ್ಣೀರನ್ನು ಒಂದೂ ಬಿಡದೆ ನೆಕ್ಕಿದ. ಸೊಸೆ ಅತ್ತೆಯ ಹೆಗಲ ಮೇಲೆ ಕೈಯಿಟ್ಟಳು. ಅತ್ತೆ ಆ ಕೈಯನ್ನು ಹಿಡಿದುಕೊಂಡರು, ತಮ್ಮ ಗಂಟುಕಟ್ಟಿದ ಬೆರಳುಗಳಲ್ಲಿ, ನೋಯುವಷ್ಟು ಬಿಗಿಯಾಗಿ.

"ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ ತಾಯಿ? 'ನಾನಲ್ಲ' ಅಂತ?"

"ಹೇಳಿದ್ರೆ ಮಾವನ ಹೆಸರು ಹೇಳಬೇಕಿತ್ತಲ್ಲ ಅತ್ತೆ."

ಆ ಹೊತ್ತಿಗೆ ಗೇಟಿನ ಬಳಿ ಸ್ಕೂಟರ್ ನಿಂತ ಸದ್ದಾಯಿತು. ಮೆಟ್ಟಿಲ ಮೇಲೆ ಕೂತಿದ್ದಾಗ ಮಗಳು ಅಪ್ಪನಿಗೆ ಫೋನ್ ಮಾಡಿದ್ದಳು. ಬೀಗರು ಕೆಲಸದ ಬಟ್ಟೆಯಲ್ಲೇ ಹಾರಿಬಂದಿದ್ದರು. ಮೊಣಕೈವರೆಗೆ ಯಾರದೋ ಮನೆಯ ಹಳದಿ ಬಣ್ಣ, ತಲೆಯ ಮೇಲಿನ ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ. ಅಭ್ಯಾಸಬಲದಿಂದ ಗೇಟಿನ ಆಚೆಯೇ ನಿಂತು ಇಣುಕಿದರು.

ಅತ್ತೆ ಹೊರಗೆ ಬಂದರು, ಸಾಹೇಬನನ್ನು ಎತ್ತಿಕೊಂಡೇ. ಬೀಗರು ಸಾಹೇಬನನ್ನು ನೋಡಿದರು. ಅವನ ತಲೆ ಅತ್ತೆಯ ಎಡಗೈ ಕಡೆಗಿತ್ತು. ಅವರಿಗೆ ಎಲ್ಲ ಅರ್ಥವಾಯಿತು. ಹೆಲ್ಮೆಟ್ ತೆಗೆದರು.

"ಅವತ್ತು ಅಷ್ಟು ಜನದ ಮುಂದೆ ಹೇಳಬಾರದಿತ್ತು ನಾನು. ತಪ್ಪಾಯ್ತು."

"ಹೌದು, ಹೇಳಬಾರದಿತ್ತು. ಕಿವೀಲಿ ಹೇಳಬೇಕಿತ್ತು."

"ಕಿವೀಲಿ ಹೇಳಿದ್ರೆ ಕೇಳ್ತಿದ್ರಾ ಬೀಗಿತ್ತಿ?"

ಅತ್ತೆ ಒಂದು ಕ್ಷಣ ಯೋಚಿಸಿದರು. "ಇಲ್ಲ," ಅಂದರು ಪ್ರಾಮಾಣಿಕವಾಗಿ. ಆಮೇಲೆ ಗೇಟಿನ ಚಿಲಕ ತಾವೇ ತೆಗೆದರು. "ಒಳಗೆ ಬನ್ನಿ. ಆದ್ರೆ ಗೋಡೆ ಮುಟ್ಟಬೇಡಿ, ಮೈಯೆಲ್ಲಾ ಹಸಿ ಬಣ್ಣ!"

ಎಲ್ಲರೂ ಪೆಟ್ಟಿಗೆಯ ಸುತ್ತ ಕೂತರು. ಬೀಗರು ಕಪ್ಪು ಮರಿಯನ್ನು ಕಂಡು, "ಅಪ್ಪನ ಹುಬ್ಬು ಹಾಗೇ ಬಂದಿದೆ!" ಅಂತ ಮಗುವಿನಂತೆ ಕುಣಿದರು. ಅತ್ತೆ ಏಪ್ರನ್ನಿನ ಜೇಬಿಗೆ ಕೈ ಹಾಕಿದರು. ಮಖಮಲ್ಲಿನ ಮಗ್ಗುಲಲ್ಲಿ ಆ ಕೊನೆಯ ಮರಿ ಮಲಗಿತ್ತು, ಸಾವಿನ ಬಾಯಿಂದ ಬಂದದ್ದು. ಜನ್ಮವೆಲ್ಲ ಕಾದರೂ ಮತ್ತೆ ಸಿಗದಂಥ ಬೊಟ್ಟು ಅದರ ಹಣೆಯಲ್ಲಿ. ಅತ್ತೆ ಅದನ್ನೇ ನೋಡಿದರು. ನೋಡುತ್ತ ನೋಡುತ್ತ ಕಣ್ಣು ಮಂಜಾಯಿತು. ಬಗ್ಗಿ ಆ ಬೊಟ್ಟಿಗೆ ಮುತ್ತಿಟ್ಟರು.

"ನೀವು ಮೂರೂ ಯಾರದ್ದಾದರೂ ತೊಡೆಗೆ ಹೋಗ್ತೀರ ಕಂದಾ. ನಿಮ್ಮಪ್ಪನ ಎದೆ ವಿಷಯ ಹೇಳಿಯೇ ಕಳಿಸ್ತೀನಿ. ಮರಿ ಮಾಡಿಸಬೇಡಿ, ಚೆನ್ನಾಗಿ ನೋಡ್ಕೊಳ್ಳಿ ಅಂತೀನಿ. ಸಾಹೇಬನೂ ಇವತ್ತಿಗೆ ನಿವೃತ್ತ. ಇನ್ಮೇಲೆ ಔಷಧಿ, ವಿಶ್ರಾಂತಿ, ನನ್ನ ತೊಡೆ. ಅಷ್ಟೇ."

ಹಸಿರು ದಾರ ಹೊರಗೆ ಬಂತು. ಅತ್ತೆ ಅದನ್ನು ಕಪ್ಪು ಮರಿಯ ಕೊರಳಿಗೆ ಸುತ್ತಿದರು. ಗಂಟು ಹಾಕಲು ನೋಡಿದರೆ ಬೆರಳು ಕೇಳಲಿಲ್ಲ. ಎರಡು ಸಲ ಜಾರಿತು.

"ಬಾರೇ ಕರಿಮನೆಯವಳೇ, ನೀನೇ ಕಟ್ಟು," ಅಂದರು. ಅದೇ ಹೆಸರು, ಆದರೆ ಈ ಸಲ ಅದನ್ನು ಕೇಳಿ ಸೊಸೆ ನಕ್ಕಳು. "ಇನ್ಮೇಲೆ ಇದು ಕರಿಮನೆ ತಾನೇ!" ಅಂದರು ಅತ್ತೆ.

ಸೊಸೆ ಕಟ್ಟಿದಳು. ಮರಿ ಆಕಳಿಸಿ ಅವಳ ಬೆರಳನ್ನೇ ಚೀಪಿತು. ಯಜಮಾನರು ಈ ಸಲ ಕೆಟಲನ್ನು ನೆಟ್ಟಗೆ ಒಲೆಯ ಮೇಲಿಟ್ಟು ಎಲ್ಲರಿಗೂ ಚಹಾ ಮಾಡಿದರು. ಬೀಗರ ಲೋಟಕ್ಕೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕಿದರು.

ಕಿಟಕಿಯಾಚೆ ಬೆಳಕು ಇಳಿಯುವ ಹೊತ್ತಿಗೆ ಮನೆ ಮಾತಿನಿಂದ ತುಂಬಿತ್ತು. ಮಗನೂ ಬಂದಿದ್ದ. ತನ್ನ ಹೆಂಡತಿ ಒಂದೇ ಮಧ್ಯಾಹ್ನದಲ್ಲಿ ಮನೆ ಬಿಟ್ಟು ಹೋಗಿ ವಾಪಸ್ಸೂ ಬಂದಿದ್ದಾಳೆಂದು ತಿಳಿದು, ಯಾರನ್ನು ಬೈಯಬೇಕೆಂದು ತೋಚದೆ ಬಿಸ್ಕತ್ತು ತಿನ್ನುತ್ತಿದ್ದ. ಬೊಟ್ಟಿನತ್ತೆ ಮಾತ್ರ ಮುಂದಿನ ಕೋಣೆಯ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು. ಎದುರಿನ ಕಪಾಟಿನಲ್ಲಿ ಬಟ್ಟಲುಗಳು ಮಿನುಗುತ್ತಿದ್ದವು. ಅವರು ಅತ್ತ ನೋಡುತ್ತಿರಲಿಲ್ಲ. ಸಾಹೇಬನ ಎಡ ಮಗ್ಗುಲು ಅವರ ಎದೆಗೊರಗಿತ್ತು. ಆ ಕಡೆಯ ರೇಷ್ಮೆ ಕೂದಲೆಲ್ಲ ಮುದುಡಿ ಮುದ್ದೆಯಾಗಿತ್ತು. ಅತ್ತೆ ಅದನ್ನು ಸರಿಮಾಡಲಿಲ್ಲ. ಅವನ ಎದೆಯ ಮೇಲೆ ಅಂಗೈಯಿಟ್ಟು, ಆ ಸೋರುವ ಸದ್ದು ಕೈಗೆ ತಾಗಿದಾಗಲೆಲ್ಲ, "ಹೂಂ ಕಣೋ… ಕೇಳ್ತಿದೆ… ಕೇಳ್ತಿದೆ…" ಅನ್ನುತ್ತಿದ್ದರು.